ಖಾಲಿ ಚೀಟಿ

ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಿದ್ದಾಗ ಅಕ್ಕ ಸಿಬಿಲ್ಲಾ ಬಂದು, ಒಳಗೂ ಬರದೆ ಹೊರಗೂ ನಿಲ್ಲದೆ, ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡು, "ರಕ್ಷಕನು ನಿನ್ನನ್ನು ನೆನೆದಿದ್ದಾನೆ, ಬೆನಿಗ್ನಾ," ಎಂದಳು. ಹಿಡಿಬಟ್ಟೆ ಜಾರಿ ಬಿಸಿ ಪಾತ್ರೆ ಬೆರಳಿಗೆ ಚುರ್ ಎಂದು ತಗುಲಿತು. ಇವಳಿಗೆ ಬೇರೆ ಹೊತ್ತೇ ಸಿಗಲಿಲ್ಲವೇ! ಗಿಲ್ಗಾಲ್ ಊರಿನಲ್ಲಿ, ಮದುವೆಯಾಗದ ಹೆಂಗಸರೆಲ್ಲ ಒಟ್ಟಿಗೆ ಉಂಡು ಮಲಗುವ ಈ ಅಕ್ಕಂದಿರ ಮನೆಯಲ್ಲಿ, ಯಾರನ್ನಾದರೂ ರಕ್ಷಕ ನೆನೆದನೆಂದರೆ ಅದಕ್ಕೆ ಎರಡೇ ಅರ್ಥ. ಒಂದು ಸಾವು, ಇನ್ನೊಂದು ಮದುವೆ. ಸತ್ತರೆ ಹಿತ್ತಾಳೆ ಕಹಳೆಯವರು ಗುಡಿಯ ಮಾಳಿಗೆಯ ಮೇಲೆ ನಿಂತು ಊದಿ ಊರಿಗೆಲ್ಲ ತಿಳಿಸುತ್ತಾರೆ. ಮದುವೆಗೆ ಅಷ್ಟೂ ಇಲ್ಲ, ಮನೆಯ ಯಜಮಾನಿ ಸಿಬಿಲ್ಲಾಳ ಈ ಜೇನು ಸವರಿದ ದನಿಯಷ್ಟೆ. ಬೆನಿಗ್ನಾ ಬೆರಳನ್ನು ಬಾಯಿಗಿಟ್ಟುಕೊಂಡು, ಸಾವೇ ಆಗಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

"ಯಾರು?"

"ಅಣ್ಣ ಮೆಲ್ಕಿಯೋರ್. ಪಡುವಣ ಕಾಡಿನ ಚೆರೋಕಿ ಸೀಮೆಯಲ್ಲಿ ನಮ್ಮ ಹೊಸ ಸಭೆಗೆ ಮನೆ ಕಟ್ಟಿ ಬಂದಿದಾನಲ್ಲ, ಬಡಗಿ. ನಿನ್ನೆ ಹಿರಿಯರು ಪ್ರಾರ್ಥನೆ ಮಾಡಿ ಚೀಟಿ ಎತ್ತಿದ್ರು. ಹೌದು, ಬೇಡ, ಖಾಲಿ, ಮೂರರಲ್ಲಿ ಹೌದು ಅಂತ ಬಂತು."

"ಆ ಹಲ್ಲುಕಿರಿಯನಾ?"

"ಹಾಗೆಲ್ಲ ಅನ್ನಬಾರದು. ನಗುಮುಖದವನು ಅನ್ನು."

"ಹೋದ ವರ್ಷ ಹೆಣ ಹೂಳೋವಾಗ ನಕ್ಕನಲ್ಲ, ಅವನೇ ತಾನೇ?"

ಸಿಬಿಲ್ಲಾ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಬೇಡದ್ದನ್ನು ಕೇಳಿಸಿಕೊಳ್ಳದಿರುವುದನ್ನೇ ಅವಳು ಭಕ್ತಿ ಎಂದು ತಿಳಿದಿದ್ದಳು. ಸಂಜೆ ಸಭೆಯವರೆಲ್ಲ ಸೇರಿ ಉಣ್ಣುವ ಪ್ರೀತಿಭೋಜನಕ್ಕೆ ಕಹಳೆ ಊದುವ ಮೊದಲು ಉತ್ತರ ಬೇಕು, ನಾಳೆ ಬೆಳಿಗ್ಗೆ ಮದುವೆ, ಮದುವೆಯಾದ ಕಾಲಲ್ಲೇ ಗಾಡಿ ಹೊರಡಬೇಕು, ಮಳೆ ಹಿಡಿದರೆ ನದಿ ದಾಟಲಾಗುವುದಿಲ್ಲ. ಕಟ್ಟಿ ಬರಲು ಹೋಗಬಹುದು, ನೆಲೆಸಲು ಒಂಟಿ ಗಂಡಸನ್ನು ಆ ಸೀಮೆಗೆ ಕಳಿಸುವ ಪದ್ಧತಿಯಿಲ್ಲ. ನೀನು ಒಲ್ಲೆ ಎಂದರೆ ಬೇರೆ ದಂಪತಿ ತಯಾರಾಗಿದ್ದಾರೆ, ಅವನು ಕಟ್ಟಿದ ಮನೆಗೆ ಅವರು ಹೋಗುತ್ತಾರೆ. ಇಷ್ಟನ್ನೂ ಹೇಳಿ, "ಒತ್ತಾಯವೇನಿಲ್ಲ, ಚೀಟಿ ಗಂಡಸನ್ನು ಕಟ್ಟುತ್ತೆ, ಹೆಣ್ಣನ್ನು ಕಟ್ಟಲ್ಲ, ನೀನು ಸ್ವತಂತ್ರಳು," ಎಂದು ಸೇರಿಸಿ, ಒಂದು ಹೊಸ ನೀಲಿ ಪಟ್ಟಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹೋದಳು. ಸ್ವತಂತ್ರಳಂತೆ! ಪಟ್ಟಿಯನ್ನು ಮಾತ್ರ ಮೊದಲೇ ತಂದಿಟ್ಟಿದ್ದಾಳೆ.

ಬೆನಿಗ್ನಾ ಕೆಂಡ ತುಂಬಿದ ಇಸ್ತ್ರಿ ಎತ್ತಿಕೊಂಡಳು. ಊರಿನ ಹೆಂಗಸರ ಕುಲಾವಿಗಳೆಲ್ಲ ವಾರಕ್ಕೊಮ್ಮೆ ಅವಳ ಕೈಗೆ ಬರುತ್ತವೆ, ಅವುಗಳ ಗದ್ದದ ಪಟ್ಟಿಗಳೂ. ಹುಡುಗಿಯರದು ಕೆಂಪು, ಮದುವೆಯಾಗದವರದು ಗುಲಾಬಿ, ಮುತ್ತೈದೆಯರದು ನೀಲಿ, ವಿಧವೆಯರದು ಬಿಳಿ. ಗುಡಿಯಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಒಳಗೆ ಬರುವ ಬಾಗಿಲೂ ಬೇರೆ. ಸತ್ತ ಮೇಲೆ ದೇವರ ಹೊಲದಲ್ಲಿ ಹೂಳುವುದೂ ಬೇರೆ ಸಾಲಿನಲ್ಲಿ. ಬದುಕಿರುವಾಗ ಗಂಡನ ಪಕ್ಕ ಕೂರಲು ಬಿಡದವರು ಸತ್ತ ಮೇಲೆ ಮಲಗಲು ಬಿಡುತ್ತಾರೆಯೇ? ಇನ್ನು ಎಲ್ಲರೂ ಎಲ್ಲರಿಗೂ ಅಕ್ಕ, ಅಣ್ಣ. ನಿನ್ನೆಯವರೆಗೆ ಅಣ್ಣ, ನಾಳೆಯಿಂದ ಗಂಡ. ಮೂವತ್ತು ದಾಟಿದವಳು ಗುಲಾಬಿ ಬಣ್ಣ ಕಟ್ಟಿಕೊಂಡು ಹದಿನೆಂಟರ ಹುಡುಗಿಯರ ಸಾಲಿನಲ್ಲಿ ಕೂತಾಗ ಕುತ್ತಿಗೆಯ ಹಿಂದೆ ಬೀಳುವ ಕಣ್ಣುಗಳು ಅವಳಿಗೆ ಗೊತ್ತು. ಪಾಪ ಎನ್ನುವ ಕಣ್ಣುಗಳು. ಅವರ ಮೇಲೆ ಕಾದ ಗಂಜಿ ಸುರಿಯಬೇಕು ಎನ್ನಿಸುತ್ತದೆ. ಆದರೆ ಗಂಜಿಯನ್ನು ಅವರ ಕುಲಾವಿಗೇ ಹಾಕಿ, ನೆರಿಗೆ ಹಿಡಿದು, ಗರಿಗರಿ ಮಾಡಿ ಕಳಿಸುತ್ತಾಳೆ. ಅವಳಷ್ಟು ಚೆನ್ನಾಗಿ ಇಸ್ತ್ರಿ ಮಾಡುವವರು ಊರಲ್ಲಿ ಇನ್ನೊಬ್ಬರಿಲ್ಲ.

ರಾಶಿಯಲ್ಲಿ ವೆರೋನಿಕಾಳ ಕುಲಾವಿ ಸಿಕ್ಕಿತು. ಬೇಕರಿಯ ಟ್ರಾಗೊಟ್‌ನ ಹೆಂಡತಿ. ಅದು ಯಾರದೆಂದು ನೋಡಬೇಕಾಗಿಲ್ಲ, ಎಣ್ಣೆ ಜಿಡ್ಡಿನ ತಲೆಯ ವಾಸನೆಯೇ ಹೇಳುತ್ತದೆ. ಎಂಟು ವರ್ಷದಿಂದ ಆ ವಾಸನೆಯನ್ನು ತೊಳೆಯುತ್ತಿದ್ದಾಳೆ, ಆ ನೀಲಿ ಪಟ್ಟಿಯನ್ನು ತಿಕ್ಕುತ್ತಿದ್ದಾಳೆ. ಮೊದಲ ವಾರ ನೆರಿಗೆ ಓರೆಯಾಗಿತ್ತು, ಈಗ ಆಗುವುದಿಲ್ಲ. ಅದೊಂದು ಗೆಲುವು ಎಂದುಕೊಂಡಿದ್ದಳು. ಅದಕ್ಕೂ ಮೊದಲು ಅಕ್ಕಂದಿರ ಮನೆಗೆ ರೊಟ್ಟಿ ತರುವ ಕೆಲಸ ಬೆನಿಗ್ನಾಳದು. ನಸುಕಿನಲ್ಲಿ ಬೇಕರಿಯ ಕಿಂಡಿಯ ಮುಂದೆ ನಿಂತರೆ ಒಳಗಿನಿಂದ ಟ್ರಾಗೊಟ್, ಆಗಿನ್ನೂ ಕೂಲಿಯಾಳು, ಹುಬ್ಬಿನ ತುಂಬ ಹಿಟ್ಟು, "ಅಕ್ಕ, ಇವತ್ತು ತಳ ಸ್ವಲ್ಪ ಹೊತ್ತಿದೆ," ಎನ್ನುತ್ತಿದ್ದ. "ಪರವಾಗಿಲ್ಲ ಅಣ್ಣ," ಎನ್ನುತ್ತಿದ್ದಳು. ಥೂ, ಇಷ್ಟೇ ಅವರ ಪ್ರೇಮ! ತಳ ಹೊತ್ತ ರೊಟ್ಟಿಯ ಮಾತು. ಆಮೇಲಾಮೇಲೆ ಬುಟ್ಟಿಯ ಮೇಲೆ ಬೇರೆಯಾಗಿ ಒಂದು ಬಿಸಿ ಬನ್ನು ಇಡುತ್ತಿದ್ದ, ಏನೂ ಹೇಳದೆ. ಒಂದನ್ನು ತಿನ್ನದೆ ತನ್ನ ಪೆಟ್ಟಿಗೆಯಲ್ಲಿ ಬಟ್ಟೆಯ ಕೆಳಗೆ ಬಚ್ಚಿಟ್ಟಿದ್ದಳು, ಅದು ಕಲ್ಲಾಗುವವರೆಗೆ. ಇಲಿ ತಿಂದಿತು, ಬನ್ನಿನ ಜೊತೆ ಒಳ್ಳೆಯ ಒಂದು ಲಂಗವನ್ನೂ. ಯಾರಿಗೆ ಹೇಳುವುದು ಇದನ್ನು? ಹೇಳಿದರೆ ಇಲಿಯೂ ನಗುತ್ತದೆ.

ಅವನು ಹಿರಿಯರ ಬಳಿ ಅವಳ ಹೆಸರು ಕೊಟ್ಟ. ಅದನ್ನೂ ಅವನೇ ಬಂದು ಹೇಳಿದ್ದು, ಬಟ್ಟೆ ಒಗೆಯುವ ಹಳ್ಳದ ಬೇಲಿಯ ಆಚೆ ನಿಂತು. ಹಾಗೆ ಬರಬಾರದು, ಹೇಳಬಾರದು, ಆದರೂ ಬಂದಿದ್ದ. ಆ ಧೈರ್ಯಕ್ಕೇ ಅವಳು ಸೋತಿದ್ದಳು. "ನಮಗೆ ಬೇಡ ಅಂತ ಬಂತು, ಅಕ್ಕ ಬೆನಿಗ್ನಾ. ರಕ್ಷಕನ ಚಿತ್ತ." ಕಣ್ಣಲ್ಲಿ ನೀರು, ಆ ನೀರಿಗೆ ಹಿಟ್ಟು ಕಲಸಿ ರೆಪ್ಪೆಯ ಮೇಲೆ ಅಂಟಂಟು. ಅವಳು ಅಳಲಿಲ್ಲ. ಒದ್ದೆ ಹಾಸುಬಟ್ಟೆ ಹಿಂಡುತ್ತ ನಿಂತಿದ್ದಳು. ಹೊಸ ಹುಲ್ಲು ಬರುವ ಮೊದಲೇ ಅವನ ಮದುವೆ ವೆರೋನಿಕಾಳ ಜೊತೆ ಆಯಿತು, ಅದಕ್ಕೆ ಹೌದು ಬಂದಿತ್ತಂತೆ. ಬೆನಿಗ್ನಾ ಅವನನ್ನು ಒಂದು ಮಾತೂ ಅನ್ನಲಿಲ್ಲ. ಚೀಟಿಗೆ ಅವನೇನು ಮಾಡಿಯಾನು? ಅಂದದ್ದೆಲ್ಲ ರಕ್ಷಕನನ್ನೇ. ಮಂಡಿಯೂರಿದಾಗಲೆಲ್ಲ ಮನಸ್ಸಿನಲ್ಲಿ, ಬಾಯಿಗೆ ಬಂದ ಹಾಗೆ. ಕೀರ್ತನೆ ಹಾಡುವಾಗ ತುಟಿ ಆಡಿಸುತ್ತಾಳೆ, ದನಿ ಹೊರಡಿಸುವುದಿಲ್ಲ. ಪ್ರಪಂಚ ಉಳಿಸಲು ಬಂದವನಿಗೆ ಒಬ್ಬ ಬೇಕರಿಯ ಆಳನ್ನು ಬಿಟ್ಟುಕೊಡಲು ಆಗಲಿಲ್ಲವಲ್ಲ! ಆ ಜಿಪುಣನಿಗೆ ನನ್ನಿಂದ ಹಾಡು ಬೇರೆ ಬೇಕೇ?

ಮಧ್ಯಾಹ್ನ ಮೆಲ್ಕಿಯೋರ್ ಬಂದ. ಚೀಟಿ ಹೌದು ಎಂದ ಮೇಲೆ ಒಮ್ಮೆ ಮುಖ ನೋಡಲು ಬಿಡುತ್ತಾರೆ, ಸಿಬಿಲ್ಲಾಳ ಕೋಣೆಯಲ್ಲಿ, ಸಿಬಿಲ್ಲಾ ನಡುವೆ ಕೂತು ಕಾಲುಚೀಲ ಹೆಣೆಯುತ್ತಿರುವಾಗ. ದನದ ಸಂತೆಯಲ್ಲಾದರೂ ಹಲ್ಲು ನೋಡಲು ದಳ್ಳಾಳಿ ಪಕ್ಕಕ್ಕೆ ಸರಿಯುತ್ತಾನೆ. ಅವನ ಒಂದು ಕಿವಿ ಹಿಮಕ್ಕೆ ಕಪ್ಪಾಗಿ ಮುದುರಿತ್ತು. ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದ, ಅದು ಎರಡು ಸಲ ಬಿತ್ತು, ಎರಡು ಸಲವೂ ನಕ್ಕ. ಅಂಗಿಯಿಂದ ಕರಡಿ ಕೊಬ್ಬಿನ ವಾಸನೆ. ಇವನ ಅಂಗಿಯನ್ನು ಬಾಳೆಲ್ಲ ಒಗೆಯಬೇಕೇ, ಅಲ್ಲಿ, ಆ ಕಾಡಿನಲ್ಲಿ, ಸಾಬೂನಿಲ್ಲದೆ? ಬೆನಿಗ್ನಾ ಗೋಡೆ ನೋಡುತ್ತಾ ಕೂತಳು.

"ನನಗೆ ಬೋಧನೆ ಮಾಡೋಕೆ ಬರಲ್ಲ," ಎಂದ ಅವನು. "ಮೊದಲೇ ಹೇಳಿಬಿಡ್ತೀನಿ. ಬೋಧನೆಗೆ ಆಮೇಲೆ ಒಬ್ಬರು ಬರ್ತಾರೆ. ನನಗೆ ಬರೋದು ಮರಗೆಲಸ."

"ನಗೋದೂ ಬರುತ್ತಲ್ಲ," ಎಂದಳು ಬೆನಿಗ್ನಾ.

"ಅದು ಬೇಕು ಅಂತ ಮಾಡೋದಲ್ಲ. ಹೆದರಿಕೆ ಆದ್ರೆ ಬಂದುಬಿಡುತ್ತೆ." ಹೇಳುತ್ತಲೇ ನಕ್ಕ. "ಈಗಲೂ ಅದೇ."

"ನನ್ನನ್ನ ಯಾವಾಗ ನೋಡಿದ್ರಿ ನೀವು?"

"ಎರಡು ವರ್ಷದ ಹಿಂದೆ. ಒಗೆಯೋ ಜಾಗಕ್ಕೆ ಒಂದು ಹಂದಿ ನುಗ್ಗಿ ಒಣಗಿದ ಬಟ್ಟೆ ಎಲ್ಲ ತುಳಿದಿತ್ತಲ್ಲ. ನೀವು ಬೂದಿ ನೀರು ಎರಚಿ ಅದಕ್ಕೆ ಬೈದ್ರಿ. ಅದರ ಅಪ್ಪ, ತಾತ, ಅದನ್ನ ಹಡಗಿಗೆ ಹತ್ತಿಸಿಕೊಂಡ ನೋಹ, ಯಾರನ್ನೂ ಬಿಡಲಿಲ್ಲ. ನಾನು ಬೇಲಿ ರಿಪೇರಿ ಮಾಡ್ತಿದ್ದೆ. ಇವರು ನನ್ನ ಜೊತೆ ಕಾಡಿಗೆ ಬಂದ್ರೆ ಕಾಡಿಗೇ ಹೆದರಿಕೆ ಆಗುತ್ತೆ ಅಂತ ಅಂದುಕೊಂಡೆ."

ಸಿಬಿಲ್ಲಾ ಕೆಮ್ಮಿದಳು. ಬೆನಿಗ್ನಾಗೆ ಮುಖ ಬಿಸಿಯಾಯಿತು. ಹಂದಿಯನ್ನು ಓಡಿಸುತ್ತಿದ್ದ ಹೆಣ್ಣನ್ನು ನೋಡಿ ಮೆಚ್ಚಿದ ಗಂಡಸು! ಮೆಚ್ಚಿದ್ದನ್ನು ಬಂದು ಹೇಳುವ ಪೆದ್ದ! ಟ್ರಾಗೊಟ್ ಆಗಿದ್ದರೆ ಹೀಗೆ ಹೇಳುತ್ತಿದ್ದನೇ? ಅವನ ಮಾತು ಬೆಣ್ಣೆಯ ಹಾಗಿತ್ತು, ಮೆತ್ತಗೆ, ಎಲ್ಲಿಟ್ಟರೆ ಅಲ್ಲಿ ಕೂರುವಂಥದ್ದು.

"ಮನೆಗೆ ಕಿಟಕಿ ಇಟ್ಟಿದ್ದೀನಿ," ಎಂದ ಮೆಲ್ಕಿಯೋರ್. "ಆ ಕಡೆ ಎಲ್ಲರೂ ಎಣ್ಣೆ ಕಾಗದ ಅಂಟಿಸ್ತಾರೆ. ನಾನು ಗಾಜು ತಗೊಂಡಿದ್ದೀನಿ, ಹುಲ್ಲು ಸುತ್ತಿ ಗಾಡಿಯಲ್ಲಿ ಇಟ್ಟಿದ್ದೀನಿ. ಇಸ್ತ್ರಿ ಮಾಡೋರಿಗೆ ಬೆಳಕು ಬೇಕಾಗುತ್ತೆ ಅಂತ."

"ನಾನು ಬಂದೇ ಬರ್ತೀನಿ ಅಂತ ಗಾಜು ಕೊಂಡುಬಿಟ್ರಾ? ಚೀಟಿ ನಿನ್ನೆ ತಾನೇ ಎತ್ತಿದ್ದು?"

"ನಿನ್ನೆಯದು ನಾಲ್ಕನೇ ಸಲ. ಹೋದ ಸುಗ್ಗೀಲಿ ಕೇಳಿದೆ, ಖಾಲಿ ಚೀಟಿ ಬಂತು. ಕ್ರಿಸ್ಮಸ್ಸಿಗೆ ಖಾಲಿ. ಈಸ್ಟರಿಗೂ ಖಾಲಿ. ಹಿರಿಯರು ಬೇರೆ ಹೆಸರು ಕೊಡು ಅಂದ್ರು. ನಾನಂದೆ, ಖಾಲಿ ಅಂದ್ರೆ ಬೇಡ ಅಂತ ಅಲ್ವಲ್ಲ, ಇನ್ನೂ ಹೇಳಿಲ್ಲ ಅಂತ ಅಷ್ಟೆ, ಕಾಯ್ತೀನಿ." ಟೋಪಿ ಮತ್ತೆ ಜಾರಿತು, ಹಿಡಿದುಕೊಂಡ. "ಒಬ್ಬ ಹಿರಿಯರು ಹೇಳಿದ್ರು, ಆ ಅಕ್ಕನ ಹೆಸರಿಗೆ ಖಾಲಿ ಬರೋದು ವಾಡಿಕೆ ಕಣಯ್ಯ, ಹಿಂದೆ ಬೇಕರಿಯವನು ಕೇಳಿದಾಗಲೂ ಖಾಲಿನೇ ಬಂದಿತ್ತು, ಅಂತ."

ಸಿಬಿಲ್ಲಾಳ ಸೂಜಿಗಳು ನಿಂತವು. ಮೆಲ್ಕಿಯೋರ್ ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ನೋಡಿ, ತಾನೇನೋ ಒಡೆದುಹಾಕಿದೆ ಎಂದು ಗೊತ್ತಾಗಿ, ಏನು ಎಂದು ಗೊತ್ತಾಗದೆ, ನಕ್ಕ. ಸಿಬಿಲ್ಲಾ ಅವನನ್ನು ಗಾಡಿ ನೋಡಿಕೋ ಹೋಗು ಎಂದು ಕಳಿಸಿದಳು.

"ಖಾಲಿ ಬಂದಿತ್ತಾ?" ಎಂದಳು ಬೆನಿಗ್ನಾ.

"ಅದನ್ನೆಲ್ಲ ಹೆಣ್ಣಿಗೆ ಹೇಳೋ ಪದ್ಧತಿ ಇಲ್ಲ."

"ಖಾಲಿ ಬಂದಿತ್ತಾ, ಅಕ್ಕ?"

"ಬಂದಿತ್ತು. ಆರು ತಿಂಗಳು ಕಾಯಿ, ಮತ್ತೆ ಕೇಳೋಣ ಅಂದ್ವಿ. ಹಳೇ ಬೇಕರಿಯವನು ಆಗ ತಾನೇ ಸತ್ತಿದ್ದ. ಮದುವೆಯಾಗದವನಿಗೆ ಯಜಮಾನಿಕೆ ಕೊಡಲ್ಲವಲ್ಲ. ಅಷ್ಟರಲ್ಲಿ ಒಲೆ ಇನ್ನೊಬ್ಬನ ಕೈಗೆ ಹೋಗಿಬಿಡುತ್ತೆ ಅಂತ ಅವನಿಗೆ. ಬೇರೆ ಹೆಸರು ಕೊಟ್ಟ. ಅದು ಅವನ ಇಷ್ಟ, ಪಾಪವೇನಲ್ಲ." ಸಿಬಿಲ್ಲಾ ಕಾಲುಚೀಲವನ್ನು ಮಡಿಸಿದಳು. "ನಿನಗೆ ಬಂದು ಏನು ಹೇಳಿದ ಅಂತ ನಮಗೇನು ಗೊತ್ತು? ನಿನ್ನ ಹತ್ತಿರ ಬಂದಿದ್ದ ಅಂತಲೇ ನಮಗೆ ಗೊತ್ತಿಲ್ಲ."

ಸಂಜೆಯ ಭೋಜನಕ್ಕೆ ಬನ್ನು ತರಬೇಕಿತ್ತು. ಬೇರೆ ಯಾರೋ ಹೋಗುವುದಿತ್ತು. ಬೆನಿಗ್ನಾ ಬುಟ್ಟಿ ಕಿತ್ತುಕೊಂಡು ತಾನೇ ಹೊರಟಳು. ಬೀದಿಯಲ್ಲಿ ಕೆಸರು ಒಣಗಿತ್ತು. ಮದುವೆಯಾಗದ ಗಂಡಸರಿರುವ ಅಣ್ಣಂದಿರ ಮನೆಯ ಮುಂದೆ ಮೆಲ್ಕಿಯೋರ್ ಗಾಡಿಗೆ ಸಾಮಾನು ಹೇರುತ್ತಿದ್ದ, ಅವಳು ನೋಡದವಳಂತೆ ದಾಟಿದಳು. ಎದೆಯಲ್ಲಿ ದುಃಖ ಬರುತ್ತದೆ ಎಂದು ಕಾದಳು, ಬರಲಿಲ್ಲ. ಬಂದದ್ದು ನಾಚಿಕೆ, ಮೈಯೆಲ್ಲ ಉರಿಯುವಂಥ ನಾಚಿಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಬೆನ್ನು ತೋರಿಸಿ ಓಡಿದವನು ಟ್ರಾಗೊಟ್, ಎಂಟು ವರ್ಷ ಅವಳ ಬೈಗುಳ ತಿಂದವನು ಶಿಲುಬೆಯ ಮೇಲಿನವನು. ಅವನಾದರೋ ಪಾಪ, ಕಾಯಿರಿ ಎಂದು ಮಾತ್ರ ಅಂದಿದ್ದ. ಆರು ತಿಂಗಳು! ಒಲೆಯ ಮುಂದೆ ಆರು ತಿಂಗಳು ಕಾಯಲಾರದವನಿಗಾಗಿ ಅವಳು ಗುಲಾಬಿ ಪಟ್ಟಿಯನ್ನು ಎದೆಯ ಗಾಯದ ಹಾಗೆ ಕಟ್ಟಿಕೊಂಡು ತಿರುಗಿದಳಲ್ಲ. ಎಲ್ಲರನ್ನೂ ಕೀಳಾಗಿ ಕಾಣುವುದೊಂದೇ ಅವಳ ಆಸ್ತಿ. ಅದನ್ನೂ ಸುಳ್ಳು ಪಾಯದ ಮೇಲೆ ಕಟ್ಟಿಕೊಂಡಿದ್ದಳು. ಇರಲಿ, ಆ ಟ್ರಾಗೊಟ್‌ನ ಬಾಯಿಂದಲೇ ಕೇಳುತ್ತೇನೆ. ಸುಳ್ಳು ಹೇಳಿದೆ ಎನ್ನಲಿ, ತಲೆ ತಗ್ಗಿಸಲಿ. ಅಷ್ಟು ಸಾಕು.

ಬೇಕರಿಯ ಕಟ್ಟೆಯ ಮೇಲೆ ವೆರೋನಿಕಾ ಕೂತಿದ್ದಳು. "ಬನ್ನಿ ಅಕ್ಕ ಬನ್ನಿ! ವಿಷಯ ಗೊತ್ತಾಯ್ತು. ಅಂತೂ ನಿಮಗೂ ನೀಲಿ ಪಟ್ಟಿ ಬಂತಲ್ಲ! ನಾನಂತೂ ಪ್ರಾರ್ಥನೆ ಮಾಡ್ತಾನೇ ಇದ್ದೆ."

"ನಾನು ಕೇಳ್ಕೊಂಡಿರಲಿಲ್ಲ," ಎಂದಳು ಬೆನಿಗ್ನಾ.

ಟ್ರಾಗೊಟ್ ಒಳಗಿನಿಂದ ಬನ್ನಿನ ಹಲಗೆ ಹೊತ್ತು ಬಂದ. ಗದ್ದ ಎರಡಾಗಿತ್ತು. ಹುಬ್ಬಿನ ಹಿಟ್ಟು ಮಾತ್ರ ಹಾಗೇ ಇತ್ತು, ಅದನ್ನು ಒರೆಸಬೇಕೆಂದು ಅವಳಿಗೆ ಒಂದು ಕ್ಷಣ ಅನ್ನಿಸಿತು, ಆ ಕ್ಷಣಕ್ಕಾಗಿ ತನ್ನನ್ನು ತಾನೇ ಶಪಿಸಿದಳು. ಹೆಂಡತಿಯ ಎದುರಿಗೇ ಕೇಳಿದಳು: "ಅಣ್ಣ ಟ್ರಾಗೊಟ್, ಎಂಟು ವರ್ಷದ ಹಿಂದೆ ನನ್ನ ಹೆಸರಿಗೆ ಚೀಟಿ ಎತ್ತಿಸಿದ್ರಲ್ಲ. ಏನು ಬಂದಿತ್ತು?"

ಅವನು ಹಲಗೆ ಇಳಿಸಿದ. ಹೆದರಲಿಲ್ಲ, ಕೆಂಪಾಗಲಿಲ್ಲ. ಹಣೆ ಕೆರೆದುಕೊಂಡು ನಿಜವಾಗಿಯೂ ಯೋಚಿಸಿದ. "ಅಯ್ಯೋ, ಅದಾ... ಬೇಡ ಅಂತಲೋ, ಖಾಲಿ ಅಂತಲೋ... ಏನೋ ಒಂದು ಬಂದಿತ್ತು ನೋಡಿ." ಹೆಂಡತಿಯ ಕಡೆ ತಿರುಗಿದ. "ಏನೇ, ನಿನಗೇನಾದ್ರೂ ನೆನಪಿದೆಯಾ?"

"ನಂಗೇನು ಗೊತ್ತು? ನಂಗೆ ಹೌದು ಬಂದಿತ್ತು, ಅದೊಂದು ಗೊತ್ತು."

"ಯಾವುದಾದ್ರೇನು ಬಿಡಿ ಅಕ್ಕ. ರಕ್ಷಕ ಎಲ್ಲರಿಗೂ ಒಳ್ಳೇದೇ ಮಾಡಿದ. ತಗೊಳ್ಳಿ, ಬಿಸಿಯಾಗಿದೆ." ಬುಟ್ಟಿಯ ಮೇಲೆ ಬೇರೆಯಾಗಿ ಒಂದು ಬನ್ನು ಇಟ್ಟ. ಅದೇ ಕೈ, ಅದೇ ಜಾಗ. ಅವನು ಎಲ್ಲರಿಗೂ ಹಾಗೆ ಇಡುತ್ತಾನೆ ಎಂದು, ಹಿಂದಿನಿಂದ ಬಂದ ಮುದುಕಿಯ ಬುಟ್ಟಿಗೂ ಇಟ್ಟಾಗ ತಿಳಿಯಿತು.

ದಾರಿಯಲ್ಲಿ ಆ ಬನ್ನನ್ನು ಹಂದಿಯೊಂದಕ್ಕೆ ಎಸೆದಳು. ಅದು ಮೂಸಿ, ಸಂತೋಷವಾಗಿ ತಿಂದಿತು. ಬೆನಿಗ್ನಾ ನಿಂತು ನೋಡಿದಳು. ದ್ವೇಷಿಸಲು ಕೂಡ ಅಲ್ಲಿ ಏನೂ ಇರಲಿಲ್ಲ. ಸುಳ್ಳು ಹೇಳಿದವನಾದರೆ ಒಂದು ಬಗೆ. ಇವನಿಗೆ ಹೇಳಿದ್ದೇ ನೆನಪಿಲ್ಲ. ಇಂಥವನಿಗೋಸ್ಕರ ಹಾಡು ಬಿಟ್ಟೆನಲ್ಲ, ಥೂ ನನ್ನ ಜನ್ಮಕ್ಕೆ. ಇನ್ನು ಆ ಇನ್ನೊಬ್ಬ, ಹಲ್ಲುಕಿರಿಯ, ನಾಲ್ಕು ಸಲ ಕೇಳಿದನಂತೆ. ಕೇಳದೆ ಏನು, ಹೆಂಡತಿಯಿಲ್ಲದೆ ಅವನ ಮನೆ ಅವನಿಗಿಲ್ಲ. ಇವನಿಗೆ ಒಲೆ, ಅವನಿಗೆ ಕಿಟಕಿ. ಗಂಡಸರೆಲ್ಲ ಒಂದೇ ಹಿಟ್ಟಿನ ರೊಟ್ಟಿ. ಇದನ್ನು ಸಾಬೀತು ಮಾಡಿ ನೋಡಿಬಿಟ್ಟರೆ ಆಮೇಲೆ ನಿಶ್ಚಿಂತೆಯಾಗಿ, ಗುಲಾಬಿ ಪಟ್ಟಿಯಲ್ಲೇ, ಎಲ್ಲರನ್ನೂ ಸಮನಾಗಿ ಹೀಗಳೆಯುತ್ತ ಮುದುಕಿಯಾಗಬಹುದು. ಅವಳಿಗೆ ಈಗ ಬೇಕಾದದ್ದು ಅದೊಂದೇ, ಮೆಲ್ಕಿಯೋರ್ ಕೂಡ ಟ್ರಾಗೊಟ್ ಆಗಬೇಕು.

ಸಿಬಿಲ್ಲಾ ಇಸ್ತ್ರಿ ಕೋಣೆಯಲ್ಲಿ ಕಾಯುತ್ತಿದ್ದಳು. "ಏನಂತ ಹೇಳಲಿ?"

"ಖಾಲಿ."

"ಅಂದ್ರೆ?"

"ಹೌದೂ ಅಲ್ಲ, ಬೇಡವೂ ಅಲ್ಲ. ಖಾಲಿ ಬಂತು ಅಂತ ಹೇಳಿ. ಕಾಯಲಿ."

"ಬುದ್ಧಿ ನೆಟ್ಟಗಿದೆಯೇನೇ? ಕಾಯೋಕೆ ಎಲ್ಲಿದೆ ಹೊತ್ತು? ಅವನು ನಾಳೆ ಹೊರಡಲಿಲ್ಲ ಅಂದ್ರೆ ಬೇರೆಯವರು ಹೋಗ್ತಾರೆ. ಎರಡು ವರ್ಷ ಕಾಡಿಗೆ ಹೋಗಿ ಬಂದು ಮಾಡ್ತಾ ಒಬ್ಬನೇ ಕಟ್ಟಿದ ಮನೆ ಅದು."

"ಗೊತ್ತು."

"ಬೇರೆ ಅಕ್ಕನ ಹೆಸರು ಕೇಳಿದ್ರೆ ಇವತ್ತೇ ಇನ್ನೊಂದು ಚೀಟಿ ಎತ್ತಬಹುದು. ಅವನು ಹಾಗೆ ಮಾಡಿದ್ರೆ ಆಮೇಲೆ ನನ್ನ ಮುಂದೆ ಅಳಬೇಡ."

"ಅದನ್ನೂ ಹೇಳಿ ಅವನಿಗೆ. ಬೇರೆ ಹೆಸರು ಕೊಡಬಹುದು ಅಂತ ಮರೀದೆ ಹೇಳಿ."

"ಖಾಲಿ ಕೊಡೋ ಹಕ್ಕು ರಕ್ಷಕನದು, ನಿನ್ನದಲ್ಲ."

"ಅವನಿಗೂ ನನಗೂ ಇರೋ ಲೆಕ್ಕ ನಾವು ನೋಡ್ಕೋತೀವಿ. ನೀವು ಹೋಗಿ."

ಸಿಬಿಲ್ಲಾ ಧಡಧಡ ಇಳಿದು ಹೋದಳು. ಬೆನಿಗ್ನಾ ಇಸ್ತ್ರಿಗೆ ಹೊಸ ಕೆಂಡ ಹಾಕಿ, ಮೇಜಿನ ಮೇಲಿದ್ದ ಆ ನೀಲಿ ಪಟ್ಟಿಯನ್ನು ಎಳೆದು ಹರಡಿ, ಕಿಟಕಿಯ ಪಕ್ಕ ನಿಂತಳು. ಬೀದಿಯ ಆ ಬದಿಯಲ್ಲಿ ಗಾಡಿ. ಹಗ್ಗವೆಲ್ಲ ಬಿಗಿದು ಮುಗಿದಿತ್ತು. ಸಿಬಿಲ್ಲಾ ಅವನ ಮುಂದೆ ಕೈಯಾಡಿಸಿ ಮಾತಾಡುತ್ತಿದ್ದಳು. ಮಾತು ಕೇಳಿಸುವಷ್ಟು ಹತ್ತಿರವಲ್ಲ. ನಗು ಈಗ, ನಗು ನೋಡೋಣ, ಎಂದಳು ಬೆನಿಗ್ನಾ ತುಟಿಯೊಳಗೇ. ಬೇರೆ ಹೆಸರು ಹೇಳು. ಊರ ತುಂಬ ಗುಲಾಬಿ ಪಟ್ಟಿಗಳಿವೆ, ಯಾವುದಾದರೂ ಒಂದನ್ನು ಹೇಳು. ಅವನು ಮುದುರಿದ ಕಿವಿಯನ್ನು ತಿಕ್ಕಿಕೊಂಡ. ಏನೋ ಒಂದು ಮಾತು ಕೇಳಿದ. ಸಿಬಿಲ್ಲಾ ಒಂದು ಮಾತು ಹೇಳಿದಳು. ಅವನು ಗಾಡಿಯನ್ನು ನೋಡಿದ, ಪಡುವಣ ದಾರಿಯನ್ನು ನೋಡಿದ. ಆಮೇಲೆ ಚಕ್ರದ ಮೇಲೆ ಕಾಲಿಟ್ಟು ಹತ್ತಿ ಹಗ್ಗ ಬಿಚ್ಚತೊಡಗಿದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಗಂಟು ಸರಿಮಾಡುತ್ತಿದ್ದಾನೆ ಎಂದುಕೊಂಡಳು. ಹುಲ್ಲು ಸುತ್ತಿದ ಚಪ್ಪಟೆ ಕಟ್ಟೊಂದನ್ನು ಅವನು ಎರಡೂ ಕೈಯಲ್ಲಿ, ಕೂಸನ್ನು ಎತ್ತುವ ಹಾಗೆ ಎತ್ತಿ ಕೆಳಗಿಳಿಸಿ ಗೋಡೆಗೆ ಒರಗಿಸಿದ. ಗಾಜು. ಆಮೇಲೆ ಗರಗಸ ಇಳಿಯಿತು. ಆಮೇಲೆ ಹಿಟ್ಟಿನ ಮೂಟೆ, ಕೊಡಲಿಗಳು, ಕಬ್ಬಿಣದ ಪಾತ್ರೆ. ಸಿಬಿಲ್ಲಾ ಬೇಡ ಬೇಡ ಎಂದು ಕೈ ಬೀಸುತ್ತಿದ್ದಳು. ಅವನು ಒಂದೊಂದನ್ನೇ ಇಳಿಸಿ ಅಣ್ಣಂದಿರ ಮನೆಯೊಳಗೆ ಸಾಗಿಸುತ್ತಿದ್ದ, ಮಳೆ ಬರುವ ಮೊದಲು ಕಟ್ಟಿಗೆ ಒಳಗೆ ಹಾಕುವವನ ಹಾಗೆ, ಯಾರ ಮೇಲೂ ಸಿಟ್ಟಿಲ್ಲದೆ. ಮುಠ್ಠಾಳ! ಹುಟ್ಟು ಮುಠ್ಠಾಳ! ಎರಡು ವರ್ಷದ ಮನೆ! ಯಾರು ಹೇಳಿದರು ಇವನಿಗೆ ಹೀಗೆ ಮಾಡು ಎಂದು? ಇವನನ್ನು ಈಗ ಏನೆಂದು ಬೈಯುವುದು? ಇಷ್ಟು ವರ್ಷ ಕೂಡಿಟ್ಟ ಬೈಗುಳಗಳಲ್ಲಿ ಒಂದೂ ಈ ಮನುಷ್ಯನಿಗೆ ಹೊಂದುತ್ತಿಲ್ಲವಲ್ಲ. ಸುಟ್ಟ ವಾಸನೆ ಬಂತು. ನೀಲಿ ಪಟ್ಟಿಯ ನಡುವೆ ಇಸ್ತ್ರಿಯ ಮೂಗಿನ ಆಕಾರದಲ್ಲಿ ಕಂದು ಕಲೆ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿದಳು.

ಅಕ್ಕಂದಿರು ಅಣ್ಣಂದಿರ ಮನೆಯ ಬದಿಗೆ ಹೋಗುವಂತಿಲ್ಲ. ಬೀದಿಯ ನಡುವೆ ಹೋಗುತ್ತಿದ್ದವರು ನಿಂತರು. ಬೇಕರಿಯ ಬಾಗಿಲಿಗೆ ವೆರೋನಿಕಾ ಬಂದಳು, ಅವಳ ಹೆಗಲ ಹಿಂದೆ ಕಹಳೆ ಹಿಡಿದ ಟ್ರಾಗೊಟ್. ಅವನೂ ಕಹಳೆಯವರಲ್ಲಿ ಒಬ್ಬ, ಸಂಜೆಯ ಭೋಜನಕ್ಕೆ ಊದಲು ಹೊರಟಿದ್ದ. ಅವರನ್ನು ಕಂಡಳು, ಕಂಡದ್ದು ಮನಸ್ಸಿಗೆ ಹತ್ತಲಿಲ್ಲ.

"ಏನು ಮಾಡ್ತಿದೀಯ?"

ಮೆಲ್ಕಿಯೋರ್ ಒಂದು ಮೂಟೆಯನ್ನು ಹೆಗಲ ಮೇಲಿಟ್ಟುಕೊಂಡು ತಿರುಗಿದ. "ಇಳಿಸ್ತಿದ್ದೀನಿ."

"ಯಾರು ಹೇಳಿದ್ರು ಇಳಿಸು ಅಂತ?"

"ನೀವೇ ಅಲ್ವಾ? ಖಾಲಿ ಬಂತು, ಕಾಯಬೇಕು ಅಂದ್ರು. ಗಾಡಿ ಸಭೆಯದು, ಹೋಗೋರಿಗೆ ಬಿಟ್ಟುಕೊಡಬೇಕು." ಮೂಟೆಯ ಭಾರಕ್ಕೆ ಅವನ ಕುತ್ತಿಗೆ ಓರೆಯಾಗಿತ್ತು. "ನಾನು ಊರಲ್ಲೇ ಇರ್ತೀನಿ. ಬೇಲಿ ಕೆಲಸ ಇದ್ದೇ ಇರುತ್ತೆ."

"ಮತ್ತೆ ಮನೆ?"

"ಮನೆಗೇನು, ಯಾರೋ ಇರ್ತಾರೆ. ಒಲೆ ಹೊಗೆ ಕಟ್ಟಲ್ಲ, ಚೆನ್ನಾಗಿದೆ." ಮೂಟೆಯನ್ನು ಕೆಳಗಿಳಿಸಿ ಹೇಳಿದ, "ಗಾಜು ಮಾತ್ರ ಕೊಡಲ್ಲ ಅಂದೆ. ಅದು ಬೇರೆಯವರಿಗೆ ತಗೊಂಡಿದ್ದಲ್ಲ."

ಬೆನಿಗ್ನಾ ಬಾಯಿ ತೆರೆದಳು. ಹಂದಿಗೆ ಅಷ್ಟು ಮಾತು ಸಿಕ್ಕಿತ್ತು, ಇವನಿಗೆ ಒಂದೂ ಸಿಗಲಿಲ್ಲ. ಕಣ್ಣು ಉರಿಯಿತು, ಕೆಂಡದ ಹೊಗೆ ಎನ್ನಲು ಇಲ್ಲಿ ಕೆಂಡವೂ ಇರಲಿಲ್ಲ. ಗೋಡೆಗೆ ಒರಗಿದ್ದ ಗಾಜಿನ ಕಟ್ಟನ್ನು ಎತ್ತಿ ಅವನ ತೋಳಿಗೆ ತುರುಕಿದಳು.

"ಮೇಲೆ ಹಾಕು."

"ಹಾಕಿದ್ರೆ?"

"ಹಾಕು ಅಂದೆ. ಹೇರೋಕೂ ಬರಲ್ಲ ನಿನಗೆ, ಗಾಜನ್ನ ಯಾರಾದ್ರೂ ಮೇಲಿಡ್ತಾರಾ? ಹಿಟ್ಟಿನ ಮೂಟೆ ನಡುವೆ ಇಡು." ಸುಟ್ಟ ನೀಲಿ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆ ಕಡೆ ಸ್ವಲ್ಪ ಸರಿಸು. ನನ್ನ ಪೆಟ್ಟಿಗೆಗೂ ಜಾಗ ಬೇಕು."

ಗುಡಿಯ ಮಾಳಿಗೆಯ ಮೇಲೆ ಭೋಜನದ ಕಹಳೆ ಶುರುವಾಯಿತು. ಮೆಲ್ಕಿಯೋರ್ ಗಾಜನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದ. ನಗಲಿಲ್ಲ.